ಆಷಾಢದಲ್ಲಿ ಒಮ್ಮೆ ಹೋಗಿ ನೋಡಿ

ಪ್ರಶ್ನೆ: ಮೇಡಂ, ನಾವು ಚನ್ನರಾಯಪಟ್ಟಣದವರು. ನಮ್ಮ ಮನೆಯವರು ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ಕಳೆದ ವರ್ಷ ರಿಟೈರ್ ಆದರು. ಗ್ರಾಚ್ಯುಟಿ, ಕಮ್ಯುಟೇಶನ್, ಕೆಜಿಐಡಿ, ರಜೆ ಹಣ ಎಲ್ಲ ಸೇರಿ 46 ಲಕ್ಷ ಬ್ಯಾಂಕಿನಲ್ಲಿದೆ. ಈಗ ಆ ಹಣದಲ್ಲಿ ಮೈಸೂರಿನ ಅಗ್ರಹಾರದ ಹತ್ತಿರ ಒಂದು ಹಳೇ ವಠಾರ ಕೊಳ್ಳುತ್ತೇನೆ ಅಂತ ಕೂತಿದ್ದಾರೆ. 30ಕ್ಕೆ 50ರ ಜಾಗ, ಆರು ಮನೆ, ಬೆಲೆ 80 ಲಕ್ಷ.

ತೋರಿಸಿದ ಬ್ರೋಕರ್ ಇವರ ಹಳೇ ಶಿಷ್ಯ. “ಸಾರ್, ಆ ಏರಿಯಾದಲ್ಲಿ ಬರೀ ಸೈಟಿಗೇ ಇದಕ್ಕಿಂತ ಜಾಸ್ತಿ ಇದೆ. ಬಣ್ಣ ಹೊಡೆಸಿ ಟೈಲ್ಸ್ ಹಾಕಿಸಿಬಿಟ್ಟರೆ ಮನೆಗೆ ಎಂಟು ಸಾವಿರದ ಹಾಗೆ ತಿಂಗಳಿಗೆ 48 ಸಾವಿರ ಬಾಡಿಗೆ. ಇನ್ನೊಂದು ಪಿಂಚಣಿ ಬಂದ ಹಾಗೆ” ಅಂತಾನೆ. ಈಗ ಎರಡು ಮನೆ ಆರಾರು ಲಕ್ಷಕ್ಕೆ ಭೋಗ್ಯಕ್ಕಿವೆಯಂತೆ. ಎರಡಕ್ಕೆ 5,500 ಬಾಡಿಗೆ. ಒಂದರಲ್ಲಿ ಒಬ್ಬರು ಅಜ್ಜಿ ನಲವತ್ತು ವರ್ಷದಿಂದ ಇದ್ದಾರೆ, 900 ರೂಪಾಯಿ ಕೊಡುತ್ತಾರೆ. ಆರನೇದಕ್ಕೆ ಬೀಗ ಹಾಕಿದೆ. ಅದರಲ್ಲಿ ಓನರ್ ಅಕ್ಕನ ಸಾಮಾನು ಇದೆಯಂತೆ. ರಿಪೇರಿಗೆ ಮೇಸ್ತ್ರಿ 6 ಲಕ್ಷ ಹೇಳಿದ್ದಾನೆ. ಸಾಲದ 34 ಲಕ್ಷಕ್ಕೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಹೆಸರಿನಲ್ಲಿ ಲೋನ್ ಮಾಡಿಸುತ್ತಾರಂತೆ.

ಆಷಾಢ ಹುಟ್ಟುವುದರೊಳಗೆ 5 ಲಕ್ಷ ಮುಂಗಡ ಕೊಟ್ಟು ಅಗ್ರಿಮೆಂಟ್ ಆಗಬೇಕು ಅಂತ ಅವಸರ ಮಾಡುತ್ತಿದ್ದಾರೆ. ನಾನು ಒಂದು ಸಲ ಹೋಗಿ ನೋಡಿದೆ. ಹೊಸ ಸುಣ್ಣ ಬಣ್ಣ ಹೊಡೆದಿದ್ದರೂ ಒಳಗೆ ಒಂಥರಾ ಮುಗ್ಗಲು ವಾಸನೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಅಂದರೆ ಹೇಳೋಕೆ ಬರುತ್ತಿಲ್ಲ. ಏನಾದರೂ ಅಂದರೆ “ನಿನಗೆ ವ್ಯವಹಾರ ಏನು ಗೊತ್ತು” ಅಂತಾರೆ. ದಾರಿ ತೋರಿಸಿ.
— ಹೆಸರು ಹಾಕಬೇಡಿ

ಉತ್ತರ: ಹೇಳೋಕೆ ಬರುತ್ತಿಲ್ಲ ಅಂತ ಬರೆದಿದ್ದೀರಿ. ಹೇಳಿಬಿಟ್ಟಿದ್ದೀರಲ್ಲಮ್ಮಾ! ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕೂತವಳು ನಾನು. ಮನೆ ಕೊಳ್ಳಲು ಬಂದವರು ಅಡಿ ಲೆಕ್ಕ ಹೇಳುತ್ತಿದ್ದರು, ವಾಸ್ತು ಹೇಳುತ್ತಿದ್ದರು, ಪಕ್ಕದಲ್ಲಿ ಯಾವ ದೇವಸ್ಥಾನ ಇದೆ ಅಂತ ಹೇಳುತ್ತಿದ್ದರು. ಒಳಗೆ ಯಾರು ಯಾರು ಇದ್ದಾರೆ, ಯಾವ ಲೆಕ್ಕದಲ್ಲಿ ಇದ್ದಾರೆ ಅಂತ ತಾವಾಗಿ ಹೇಳುತ್ತಿದ್ದವರು ಅಪರೂಪ. ನೀವು ಆರು ಮನೆಗಳ ಜಾತಕವನ್ನೂ ನಾಲ್ಕು ಸಾಲಿನಲ್ಲಿ ಕೊಟ್ಟಿದ್ದೀರಿ. ವ್ಯವಹಾರ ಅಂದರೆ ಅದೇ. ನಿಮ್ಮ ಯಜಮಾನರು ಜಾಗ ನೋಡಿ ಬಂದಿದ್ದಾರೆ, ನೀವು ಮನೆ ನೋಡಿ ಬಂದಿದ್ದೀರಿ.

ಜನ ಇರುವ ಹಳೇ ಬಾಡಿಗೆ ಮನೆಯನ್ನು ಕೊಳ್ಳುವವರು ಗೋಡೆ ಮತ್ತು ಜಾಗದ ಜೊತೆಗೆ ಆ ಬಾಗಿಲುಗಳ ಹಿಂದಿರುವ ಹಳೇ ಮಾತು, ಹಳೇ ಹಣ, ಹಳೇ ಹಕ್ಕು ಎಲ್ಲವನ್ನೂ ಕೊಳ್ಳುತ್ತಾರೆ. ಬೆಲೆ ಕಡಿಮೆ ಇರುವುದೂ ಅದಕ್ಕೇ. ಖಾಲಿ ಸೈಟಿಗಿಂತ ಮನೆ ಸಮೇತದ ಸೈಟು ಅಗ್ಗ ಅಂತ ಬ್ರೋಕರ್ ಹೇಳಿದಾಗ ಮೇಷ್ಟ್ರಿಗೆ ಖುಷಿಯಾಗಿದೆ. ನಾನಾಗಿದ್ದರೆ ಅಲ್ಲೇ ಕೂತು “ಯಾಕಪ್ಪಾ?” ಅಂತ ಕೇಳುತ್ತಿದ್ದೆ.

ಮೊದಲು ಬಾಡಿಗೆಯ ಲೆಕ್ಕ. 48 ಸಾವಿರ ಅನ್ನುವುದು ಆರು ಮನೆಯೂ ಖಾಲಿಯಾಗಿ, ಆರೂ ರಿಪೇರಿಯಾಗಿ, ಆರಕ್ಕೂ ಹೊಸಬರು ಬಂದ ಮೇಲಿನ ಮಾತು. ಇವತ್ತು ಕ್ರಯಪತ್ರ ಆದರೆ ಮುಂದಿನ ತಿಂಗಳು ಕೈಗೆ ಬರುವುದು 5,500 ಎರಡು ಸಲ, ಅಜ್ಜಿಯ 900. ಒಟ್ಟು 11,900. ಭೋಗ್ಯದ ಮನೆಯವರು ಬಾಡಿಗೆ ಕೊಡುವುದಿಲ್ಲ, ಬೀಗಕ್ಕೆ ಬಾಡಿಗೆ ಇಲ್ಲ. ಮಗನ 34 ಲಕ್ಷದ ಸಾಲಕ್ಕೆ ಶೇ 8.5 ಬಡ್ಡಿ, ಇಪ್ಪತ್ತು ವರ್ಷ ಅಂತ ಹಿಡಿದರೆ ಕಂತು ತಿಂಗಳಿಗೆ ಸುಮಾರು 29,500. ಉಳಿದ ಹದಿನೇಳೂವರೆ ಸಾವಿರ ಎಲ್ಲಿಂದ? ನಿಮ್ಮ ಪಿಂಚಣಿಯಿಂದ, ಇಲ್ಲವೇ ಮಗನ ಸಂಬಳದಿಂದ. ಇನ್ನೊಂದು ಪಿಂಚಣಿ ತರುತ್ತೇನೆ ಅಂದ ಮನೆ ಇರುವ ಪಿಂಚಣಿಗೇ ಕೈ ಹಾಕುತ್ತದೆ.

ಬೆಲೆಯೂ 80ಕ್ಕೆ ನಿಲ್ಲುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಅಲ್ಲಿಗೆ 6 ಲಕ್ಷದ 8 ಸಾವಿರ. ಸರ್ಕಾರದ ಮಾರ್ಗಸೂಚಿ ಬೆಲೆ 80ಕ್ಕಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಬ್ರೋಕರ್ ಕಮಿಷನ್ ಶೇ 1 ಅಂದರೂ 80 ಸಾವಿರ, ಶಿಷ್ಯನಾದರೂ ಬಿಡುವುದಿಲ್ಲ. ಭೋಗ್ಯದವರನ್ನು ಬಿಡಿಸಲು 12 ಲಕ್ಷ. ರಿಪೇರಿಗೆ ಮೇಸ್ತ್ರಿ ಹೇಳಿದ ಆರನ್ನು ನಾನು ಹನ್ನೆರಡು ಅಂತ ಓದುತ್ತೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಎಲ್ಲ ಕೂಡಿದರೆ 1 ಕೋಟಿ 11 ಲಕ್ಷದ ಹತ್ತಿರ. ಇಷ್ಟು ಸುರಿದು, ಬ್ರೋಕರ್ ಹೇಳಿದ 48 ಸಾವಿರವೂ ಒಂದು ತಿಂಗಳು ತಪ್ಪದೆ ಬಂತು ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 5 ಲಕ್ಷದ 76 ಸಾವಿರ, ನೂರಕ್ಕೆ ಐದು ರೂಪಾಯಿ ಚಿಲ್ಲರೆ. ಕಂದಾಯ, ಮನೆ ಖಾಲಿ ಬಿದ್ದ ತಿಂಗಳು, ಒಡೆದ ನಲ್ಲಿ, ಇವನ್ನೆಲ್ಲ ಕಳೆಯುವ ಮುಂಚಿನ ಲೆಕ್ಕ ಇದು. ಸಾಲಕ್ಕೆ ಎಂಟೂವರೆ ಕೊಟ್ಟು ಐದು ದುಡಿಯುವ ವ್ಯಾಪಾರವನ್ನು ಮೇಷ್ಟ್ರು ಗಣಿತದ ಕ್ಲಾಸಿನಲ್ಲಿ ಮಕ್ಕಳಿಗೆ ಲೆಕ್ಕವಾಗಿ ಕೊಟ್ಟಿದ್ದರೆ ಏಳನೇ ಕ್ಲಾಸಿನ ಹುಡುಗನೂ ನಷ್ಟ ಅಂತ ಬರೆಯುತ್ತಿದ್ದ.

ಜಾಗದ ಬೆಲೆ ಏರುತ್ತದಲ್ಲ ಅನ್ನುತ್ತಾರೆ, ಗೊತ್ತು. ಏರಬಹುದು. ಆದರೆ ಏರಿದ ಬೆಲೆ ಕೈಗೆ ಸಿಗಬೇಕಾದರೆ ನಾಳೆ ನೀವು ಮಾರಬೇಕು. ಆಗ ಇದೇ ಆರು ಬಾಗಿಲನ್ನು ಇನ್ನೊಬ್ಬರು ಬಂದು ನೋಡುತ್ತಾರೆ.

ಈಗ ಬಾಗಿಲುಗಳಿಗೆ ಬರೋಣ. ಭೋಗ್ಯದ ಎರಡು ಮನೆಗಳ ಬಗ್ಗೆ ನನಗೆ ಕಾಡುವ ಪ್ರಶ್ನೆ ಒಂದೇ: ಆ 12 ಲಕ್ಷ 80ರ ಒಳಗೋ, ಹೊರಗೋ? ನಿಮ್ಮ ಪತ್ರದಲ್ಲಿ ಅದಿಲ್ಲ, ಬಹುಶಃ ಯಾರೂ ಕೇಳಿಲ್ಲ. ಹಣವನ್ನು ಈಗಿನ ಓನರ್ ತೆಗೆದುಕೊಂಡು ಖರ್ಚು ಮಾಡಿ ಆಗಿದೆ. ಮನೆ ಬಿಡುವಾಗ ಭೋಗ್ಯದವರು ಅದನ್ನು ಕೇಳುವುದು ಅವತ್ತು ಓನರ್ ಯಾರೋ ಅವರನ್ನೇ. “ನಾನು ನಿಮ್ಮ ಹತ್ತಿರ ದುಡ್ಡು ಈಸಿಕೊಂಡಿಲ್ಲ” ಅಂತ ಮೇಷ್ಟ್ರು ಹೇಳಿದರೆ ಅವರು ಸಾಮಾನು ಎತ್ತುವುದಿಲ್ಲ, ಅಷ್ಟೆ. ಈ ಭೋಗ್ಯದ ಪತ್ರಗಳು ಸಾಮಾನ್ಯವಾಗಿ ಛಾಪಾ ಕಾಗದದ ಮೇಲೆ ಟೈಪ್ ಮಾಡಿ ಇಬ್ಬರು ಸಾಕ್ಷಿ ಹಾಕಿಸಿದವು, ನೋಂದಣಿ ಆಗಿರುವುದಿಲ್ಲ. ನೋಂದಣಿ ಆಗದ್ದು ಋಣಭಾರ ಪತ್ರದಲ್ಲಿ, ಅಂದರೆ ಎಲ್ಲರೂ ಇಸಿ ಅನ್ನುವ ಕಾಗದದಲ್ಲಿ ಬರುವುದೇ ಇಲ್ಲ. “ಇಸಿ ಕ್ಲೀನ್ ಇದೆ ಸಾರ್” ಅಂತ ಬ್ರೋಕರ್ ತೋರಿಸುವುದು ಸುಳ್ಳಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಗೊತ್ತಿಲ್ಲದ 12 ಲಕ್ಷ ಅದರ ಪಕ್ಕದಲ್ಲೇ ಒಲೆ ಹಚ್ಚಿಕೊಂಡು ಅನ್ನ ಮಾಡುತ್ತಿರುತ್ತದೆ.

ಗೊತ್ತಿರಲಿಲ್ಲ ಅಂತ ಆಮೇಲೆ ಹೇಳಲಿಕ್ಕೂ ಆಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಒಂದು ಸಣ್ಣ ವಿವರಣೆ ಇದೆ: ಒಂದು ಸ್ವತ್ತಿನಲ್ಲಿ ಯಾರು ವಾಸವಿದ್ದಾರೋ ಅವರಿಗೆ ಏನು ಹಕ್ಕಿದೆಯೋ ಅದು ಕೊಳ್ಳುವವನಿಗೆ ತಿಳಿದಿತ್ತು ಅಂತಲೇ ಕಾನೂನು ಭಾವಿಸುತ್ತದೆ. ಬಾಗಿಲು ತಟ್ಟಿ ಕೇಳುವುದು ಕೊಳ್ಳುವವನ ಕೆಲಸ. ನಲವತ್ತು ಪುಟದ ಲೀಗಲ್ ಒಪಿನಿಯನ್‌ನಲ್ಲೂ ಈ ಬಾಗಿಲು ತಟ್ಟುವ ಕೆಲಸ ಇರುವುದಿಲ್ಲ, ವಕೀಲರು ಕಾಗದ ನೋಡುತ್ತಾರೆ.

ಅಜ್ಜಿಯ ಮನೆ. 900 ರೂಪಾಯಿ ಅಂದ ತಕ್ಷಣ “ಇವರನ್ನು ಬಿಡಿಸಿಬಿಟ್ಟರೆ ಆಯಿತು” ಅಂತ ಬ್ರೋಕರ್ ಹೇಳಿರುತ್ತಾನೆ, ನಾನು ಕೇಳಿಸಿಕೊಂಡ ಹಾಗೇ ಬರೆಯುತ್ತಿದ್ದೇನೆ. ಅಷ್ಟು ಸುಲಭವಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬಾಡಿಗೆ ಒಂದು ಮಿತಿ ದಾಟಿದ ಮನೆಗಳನ್ನು ಅದು ಹೊರಗಿಟ್ಟಿತು, ಕಡಿಮೆ ಬಾಡಿಗೆಯ ಇಂಥ ಹಳೇ ಮನೆಗಳನ್ನು ಒಳಗೇ ಉಳಿಸಿಕೊಂಡಿತು. ಒಳಗಿರುವವರನ್ನು ಬಿಡಿಸಬೇಕಾದರೆ ಕಾಯ್ದೆ ಹೇಳಿದ ಕಾರಣಗಳಲ್ಲಿ ಒಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅಜ್ಜಿ ತೀರಿಕೊಂಡರೆ ಹಕ್ಕು ಅಂದೇ ಮುಗಿಯುವುದೂ ಇಲ್ಲ, ಜೊತೆಗಿದ್ದ ಮನೆಯವರಿಗೆ ಸ್ವಲ್ಪ ಕಾಲ ಮುಂದುವರಿಯುತ್ತದೆ. 5,500 ಕೊಡುವವರು ಬೇರೆ. ಬರೀ ತಿಂಗಳ ಬಾಡಿಗೆಯವರಾದರೆ ಹದಿನೈದು ದಿನದ ನೋಟಿಸ್ ಸಾಕು ಅಂತ ಕಾನೂನು. ಆದರೆ ಅವರು ನೋಟಿಸ್ ಮಡಿಚಿಟ್ಟು ಕೂತರೆ ಆಮೇಲೆ ಕೋರ್ಟೇ, ವರ್ಷಗಟ್ಟಲೆ. ನಲ್ಲಿ ನಿಲ್ಲಿಸುವುದು, ಕರೆಂಟ್ ತೆಗೆಸುವುದು, ನಾಲ್ಕು ಜನರನ್ನು ಕರೆದುಕೊಂಡು ಬಂದು ಹೆದರಿಸುವುದು, ಇವನ್ನು ಕೆಲವು ಬ್ರೋಕರ್‌ಗಳು “ಅದೆಲ್ಲ ನಾವು ನೋಡಿಕೊಳ್ತೀವಿ” ಅಂತ ಹೇಳುತ್ತಾರೆ. ಕಾನೂನು ಬಿಟ್ಟು ಹೊರಹಾಕಿದವರನ್ನು ಆರು ತಿಂಗಳೊಳಗೆ ಅರ್ಜಿ ಹಾಕಿದರೆ ಕೋರ್ಟು ಮತ್ತೆ ಒಳಗೆ ಕೂರಿಸುತ್ತದೆ. ಅದಿರಲಿ. ಮೂವತ್ತು ವರ್ಷ ಊರ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಒಬ್ಬ ಮುದುಕಿಯ ನಲ್ಲಿ ನಿಲ್ಲಿಸಿದರು ಅನ್ನುವ ಮಾತು ಚನ್ನರಾಯಪಟ್ಟಣ ತಲುಪಲು ಎಷ್ಟು ಹೊತ್ತು ಬೇಕು?

ಇನ್ನು ಬೀಗದ ಮನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಇದು.

ನಮ್ಮ ಅಕ್ಕ ಭಾವ ತೊಂಬತ್ತರ ದಶಕದಲ್ಲಿ ಒಂದು ಜಿಲ್ಲಾ ಕೇಂದ್ರದಲ್ಲಿ ಹಳೇ ಮನೆ ಕೊಂಡರು. ಮೂವರು ಅಣ್ಣತಮ್ಮಂದಿರು ಬಂದು ಸಹಿ ಹಾಕಿದರು, ಲಾಡು ಕೊಟ್ಟರು. ಹಿತ್ತಲ ಕೋಣೆಗೆ ಬೀಗ ಇತ್ತು, “ನಮ್ಮ ತಂಗಿದು ಎರಡು ಟ್ರಂಕು, ದಸರೆಗೆ ಬಂದಾಗ ತಗೊಂಡು ಹೋಗ್ತಾಳೆ” ಅಂದರು. ದಸರೆಗೆ ತಂಗಿ ಬರಲಿಲ್ಲ, ಕೋರ್ಟಿನ ಸಮನ್ಸ್ ಬಂತು. ಅಪ್ಪನ ಮನೆಯಲ್ಲಿ ನನಗೂ ಪಾಲಿದೆ, ನನ್ನನ್ನು ಕೇಳದೆ ಮಾರಿದ್ದಾರೆ ಅಂತ. ಆಕೆ ಹೇಳಿದ್ದು ನ್ಯಾಯವೇ, ಅದೇ ಕಷ್ಟ. ಭಾವ ಹನ್ನೊಂದು ವರ್ಷ ಆ ಕೇಸಿಗೆ ಓಡಾಡಿದರು. ಕೊನೆಗೆ ಆಕೆಗೆ ದುಡ್ಡು ಕೊಟ್ಟು ರಾಜಿಯಾದರು. ಅಣ್ಣತಮ್ಮಂದಿರು ಅಷ್ಟರಲ್ಲಿ ಹೊಸ ಮನೆ ಕಟ್ಟಿಕೊಂಡು ಗೃಹಪ್ರವೇಶಕ್ಕೆ ಭಾವನನ್ನೂ ಕರೆದಿದ್ದರು!

ಅಪ್ಪ ಸ್ವಂತ ಸಂಪಾದಿಸಿದ ಮನೆ, ವಿಲ್ ಬರೆಯದೆ ತೀರಿಕೊಂಡಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಣ್ಣುಮಕ್ಕಳಿಗೆ ಸಮಪಾಲು. ಪಿತ್ರಾರ್ಜಿತವಾದರೂ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು, ಇಡೀ ದೇಶಕ್ಕೆ 2005ರಲ್ಲಿ. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ “ಅಕ್ಕನ ಸಾಮಾನು” ಅಂದರೆ ನನ್ನ ಕಿವಿಗೆ “ಅಕ್ಕನ ಪಾಲು” ಅಂತ ಕೇಳಿಸುತ್ತದೆ. ಇಲ್ಲದಿರಲೂಬಹುದು. ಆಕೆ ಎಂದೋ ನೋಂದಣಿಯಾದ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟಿರಬಹುದು. ಇದ್ದರೆ ತೋರಿಸಲಿ. ಇಲ್ಲದಿದ್ದರೆ ಕ್ರಯಪತ್ರಕ್ಕೆ ಆಕೆಯೇ ಬಂದು ಸಹಿ ಹಾಕಲಿ, ಬೀಗ ತೆಗೆದು ಸಾಮಾನು ಒಯ್ಯಲಿ. ಓನರ್ “ಅಕ್ಕ ಏನೂ ಅನ್ನಲ್ಲ” ಅಂತ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ 80 ಲಕ್ಷ ಕೊಡಬೇಡಿ.

ವಾಸನೆಯ ವಿಷಯ. ನಿಮ್ಮ ಮೂಗನ್ನು ನಂಬಿ. ಹಳೇ ಮೈಸೂರಿನ ಇಂಥ ವಠಾರಗಳಲ್ಲಿ ಬಹಳಷ್ಟು ಕೆಮ್ಮಣ್ಣಿನ ಗಾರೆಯಲ್ಲಿ ಇಟ್ಟಿಗೆ ಕಟ್ಟಿ, ಮೇಲೆ ಮರದ ರೀಪಿಗೆ ಮಂಗಳೂರು ಹೆಂಚು ಹೊದಿಸಿದ ಮನೆಗಳು. ಚೆನ್ನಾಗಿ ನೋಡಿಕೊಂಡರೆ ನೂರು ವರ್ಷ ನಿಲ್ಲುತ್ತವೆ. ಆದರೆ ಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ, ನೆಲದ ನೀರು ಗೋಡೆಯೊಳಗೆ ಬತ್ತಿಯ ಹಾಗೆ ಏರುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ಹೊರಗೆ ಆರಿಹೋಗುತ್ತಿತ್ತು. ನಡುವೆ ಯಾರೋ ಬುದ್ಧಿವಂತರು ಸಿಮೆಂಟ್ ಪ್ಲಾಸ್ಟರ್ ಮಾಡಿಸುತ್ತಾರೆ, ಅದರ ಮೇಲೆ ಪುಟ್ಟಿ, ಎಮಲ್ಷನ್. ತೇವ ಒಳಗೇ ಕೂತು ಉಪ್ಪು ಬಿಡುತ್ತದೆ, ಮೂರು ವರ್ಷಕ್ಕೆ ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ಮಾರುವ ಮುಂಚೆ ಅದನ್ನೇ ಕೆರೆದು ಮತ್ತೆ ಬಳಿಯುತ್ತಾರೆ. ನೀವು ನೋಡಿದ ಹೊಸ ಬಣ್ಣ ಮನೆಯ ಮೇಲಿನ ಅಕ್ಕರೆಗೆ ಹೊಡೆಸಿದ್ದಲ್ಲ.

ಮೇಸ್ತ್ರಿಯ 6 ಲಕ್ಷ ಯಾಕೆ ಸಾಲದು? ಅವನು ಹೇಳಿದ್ದು ಕಣ್ಣಿಗೆ ಕಾಣುವ ಕೆಲಸಕ್ಕೆ. ಟೈಲ್ಸ್ ಹಾಕಲು ಹಳೇ ನೆಲ ಅಗೆದಾಗ ಕೆಳಗಿನ ಒಳಚರಂಡಿ ಪೈಪು ಒಡೆದಿರುವುದು ಗೊತ್ತಾಗುತ್ತದೆ. ಹೆಂಚು ಇಳಿಸಿದಾಗ ರೀಪು, ಪಕಾಸಿ ಗೆದ್ದಲು ತಿಂದು ಟೊಳ್ಳಾಗಿರುವುದು ಕೈಗೆ ಬರುತ್ತದೆ. ಮರದ ಪಟ್ಟಿಯ ಹಳೇ ವೈರಿಂಗ್‌ಗೆ ಅರ್ತಿಂಗ್ ಇರುವುದಿಲ್ಲ. ಎಂಟು ಸಾವಿರ ಕೊಡುವವರು ಗೀಸರ್ ಕೇಳುತ್ತಾರೆ, ಗೀಸರ್‌ಗೆ ಆ ವೈರು ತಡೆಯುವುದಿಲ್ಲ. ಅಲ್ಲದೆ ಎಂಟು ಸಾವಿರ ಕೊಡುವವರು ಹಂಚಿಕೊಳ್ಳುವ ಬಚ್ಚಲಿಗೆ ಬರುವುದಿಲ್ಲ, ಮನೆಯೊಳಗೇ ಬಾತ್‌ರೂಮ್ ಬೇಕು. ಅದಕ್ಕೆ ಗೋಡೆ ಒಡೆಯಬೇಕು. ಮಣ್ಣುಗಾರೆಯ ಮನೆಯಲ್ಲಿ ಭಾರ ಹೊರುವುದೇ ಗೋಡೆ, ಕಂಬ ಇರುವುದಿಲ್ಲ. ಒಂದು ಗೋಡೆ ಪಕ್ಕದ ಮನೆಯವರದ್ದೂ ಆಗಿದ್ದರೆ ಅವರ ತೊಲೆ ಅದರ ಮೇಲೇ ಕೂತಿರುತ್ತದೆ. ಹಿಂಭಾಗದಲ್ಲಿ ಎಂಬತ್ತರ ದಶಕದ ಆರ್‌ಸಿಸಿ ತಾರಸಿ ಇದ್ದರೆ ಒಂದು ಕೋಲಿನಿಂದ ತಳಭಾಗ ತಟ್ಟಿ ನೋಡಿ. ಗಟ್ಟಿ ಶಬ್ದ ಬಂದರೆ ಸರಿ. ಡೊಳ್ಳಿನ ಹಾಗೆ ಬಂದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತಿದೆ ಅಂತ ಅರ್ಥ. ಅದಕ್ಕೆ ಬಣ್ಣ ಔಷಧವಲ್ಲ.

ಹೆದರಿಸುವುದಕ್ಕೆ ಹೇಳುತ್ತಿಲ್ಲ, ಆದರೆ ಮೈಸೂರಿನವರಿಗೆ ಇದನ್ನು ಮರೆಯಲು ಆಗುವುದಿಲ್ಲ. ಸಾಲು ಬಾಡಿಗೆ ಅಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟ್‌ನಲ್ಲಿ ಒಂದು ಕಡೆ ಕುಸಿದು ನಾಲ್ವರು ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಉರುಳಿತು, ಅದೂ ದುರಸ್ತಿ ನಡೆಯುತ್ತಿದ್ದಾಗ. ಎರಡೂ ಸರ್ಕಾರದ ಕೈಯಲ್ಲಿದ್ದ ಕಟ್ಟಡಗಳು. ಕೆಡವಬೇಕೋ ಉಳಿಸಬೇಕೋ ಅನ್ನುವ ವಾದ ವರ್ಷಾನುಗಟ್ಟಲೆ ಎಳೆಯಿತು, ನಡುವೆ ಸಿಕ್ಕಿದ್ದು ಬಾಡಿಗೆಯವರು. ಖಾಸಗಿ ಮನೆಯ ಗೋಡೆ ಬಾಡಿಗೆಯವರ ಮೇಲೆ ಬಿದ್ದರೆ ನಿರ್ಲಕ್ಷ್ಯದ ಕ್ರಿಮಿನಲ್ ಕೇಸು ಓನರ್ ಮೇಲೆ ಬರುತ್ತದೆ. ಕಟ್ಟಿಸಿದ್ದು ನಾನಲ್ಲ ಅನ್ನುವ ಮಾತು ಹೆಚ್ಚು ದೂರ ಬರುವುದಿಲ್ಲ. ಸಾಲ ಮಗನ ಹೆಸರಿನಲ್ಲಿ ಅಂದರೆ ಬ್ಯಾಂಕು ಮಗನನ್ನೂ ಮಾಲೀಕನಾಗಿ ಸೇರಿಸು ಅನ್ನುತ್ತದೆ. ಆ ಹೊಣೆ ಅವನ ಹೆಗಲಿಗೂ ಬಂತು. ನಾಳೆ ಅವನಿಗೇ ಬೆಂಗಳೂರಿನಲ್ಲಿ ಒಂದು ಫ್ಲಾಟು ಬೇಕಾದಾಗ ಅವನ ಸಾಲದ ಅರ್ಹತೆಯಲ್ಲಿ 34 ಲಕ್ಷ ಆಗಲೇ ತುಂಬಿರುತ್ತದೆ. ಇದನ್ನು ಮಗನಿಗೆ ಯಾರಾದರೂ ಹೇಳಿದ್ದೀರಾ? ಅಪ್ಪ ಕೇಳಿದರು ಅಂತ ಹೂಂ ಅಂದಿರುತ್ತಾನೆ.

ಬ್ಯಾಂಕು ಸಾಲ ಕೊಡುತ್ತದೋ ಅದೂ ಅನುಮಾನವೇ. ಮೌಲ್ಯಮಾಪನಕ್ಕೆ ಬರುವ ಇಂಜಿನಿಯರ್ ಕಟ್ಟಡಕ್ಕೆ ಇನ್ನೆಷ್ಟು ವರ್ಷ ಆಯುಸ್ಸು ಅಂತ ಬರೆಯಬೇಕು. ಇಪ್ಪತ್ತು ವರ್ಷದ ಸಾಲಕ್ಕೆ ಹತ್ತು ವರ್ಷದ ಮನೆ ಹೊಂದುವುದಿಲ್ಲ. ಮುಂಗಡ ಕೊಟ್ಟ ಮೇಲೆ ಸಾಲ ನಿರಾಕರಣೆಯಾಗಿ, ಉಳಿದ ಹಣ ಹೊಂದಿಸಲಾಗದೆ ಐದು ಲಕ್ಷ ಕಳೆದುಕೊಂಡವರನ್ನು ನನ್ನ ಟೇಬಲ್ಲಿನ ಎದುರೇ ಕಂಡಿದ್ದೇನೆ.

ಉಳಿದ ಕಾಗದ ಪತ್ರಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಇವು ಯಾವ ವಕೀಲರಿಗೂ ಗೊತ್ತು. ಇ-ಖಾತೆ, ಮೂಲ ಕ್ರಯಪತ್ರದಿಂದ ಇವತ್ತಿನವರೆಗಿನ ಸರಪಳಿ, ವಂಶವೃಕ್ಷ, ಕನಿಷ್ಠ ಮೂವತ್ತು ವರ್ಷದ ಇಸಿ. ಪಾಲಿಕೆಯ ಕಂದಾಯ, ವಾಣಿ ವಿಲಾಸದ ನೀರಿನ ಬಾಕಿ, ಚಾಮುಂಡೇಶ್ವರಿ ವಿದ್ಯುತ್ ನಿಗಮದ ಬಾಕಿ, ಮೂರರ ಚೀಟಿಯೂ ಬೇಕು, ಬಾಕಿ ಬೆನ್ನು ಹತ್ತುವುದು ಹಳೇ ಮಾಲೀಕರನ್ನಲ್ಲ, ಮನೆಯನ್ನು. ಆರು ಮನೆಗೆ ಎಷ್ಟು ಮೀಟರ್ ಇವೆ ನೋಡಿ. ಅಲ್ಲಿ ಹೊಸದು ಕಟ್ಟಲು ಪಾರಂಪರಿಕ ಪ್ರದೇಶದ ನಿಬಂಧನೆ ಏನಾದರೂ ಇದೆಯೇ ಅಂತ ಪಾಲಿಕೆಯಲ್ಲಿ ಕೇಳಿ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಮಾರುತ್ತೇವೆ ಅಂದರೆ ಎದ್ದು ಬನ್ನಿ. ಕ್ರಯ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟುವ ಕೆಲಸ ಕೊಳ್ಳುವವರದು. ವಕೀಲರು ಬ್ರೋಕರ್ ಕರೆತಂದವರಾಗಬಾರದು.

ಹಾಗಾದರೆ ಹಳೇ ವಠಾರ ಕೊಂಡು ಯಾರೂ ಉದ್ಧಾರವಾಗಿಲ್ಲವೇ? ಆಗಿದ್ದಾರೆ. ನನಗೆ ಗೊತ್ತಿದ್ದ ಒಬ್ಬರು ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವರು, ಪ್ಲಂಬಿಂಗ್ ಕೆಲಸದವರು. ವಠಾರ ಕೊಂಡು ಮುಂದಿನ ಮನೆಯಲ್ಲಿ ತಾವೇ ಇದ್ದರು, ವರ್ಷಕ್ಕೊಂದು ಮನೆಯ ಹಾಗೆ ರಿಪೇರಿ ಮಾಡಿದರು, ಕೂಲಿ ತಮ್ಮದೇ. ಬಾಡಿಗೆಯವರ ಅಪ್ಪಂದಿರ ಹೆಸರೂ ಅವರಿಗೆ ಗೊತ್ತಿತ್ತು. ಸಾಲ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ಕೂತು, ನಲ್ಲಿ ಸೋರಿದರೆ ಮೈಸೂರಿಗೆ ಬಸ್ಸು ಹತ್ತಬೇಕಾದ ಅರವತ್ತೊಂದರ ಮೇಷ್ಟ್ರಿಗೆ ಇದು ಬೇರೆಯೇ ಕಥೆ.

ಹಣ ಸುಮ್ಮನೆ ಕೂತಿದೆ ಅನ್ನುವುದು ಅವರ ಸಂಕಟವಾದರೆ ಒಂದು ಹೋಲಿಕೆ ಕೊಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. ಈಗಿನ ಬಡ್ಡಿ ಶೇ 8.2, ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ತಿಂಗಳಿಗೆ 20,500 ಆಯಿತು. ಇಡೀ ವಠಾರ ಇವತ್ತು ಕೊಡುವುದು 11,900. ಬೆಲೆ ಏರಿಕೆ ಬಡ್ಡಿಯನ್ನು ತಿನ್ನುತ್ತದೆ, ಒಪ್ಪುತ್ತೇನೆ. ಬಡ್ಡಿಗೆ ತೆರಿಗೆಯೂ ಇದೆ. ಅಂಚೆ ಕಚೇರಿ ಶ್ರೀಮಂತರನ್ನು ಮಾಡುವುದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ “ಸಾರ್, ಟಾಯ್ಲೆಟ್ ಕಟ್ಟಿಕೊಂಡಿದೆ” ಅನ್ನುವುದೂ ಇಲ್ಲ.

ಈಗ ಕಷ್ಟದ ಭಾಗ, ಅವರಿಗೆ ಹೇಗೆ ಹೇಳುವುದು. “ಬೇಡ” ಅನ್ನಬೇಡಿ. ರಿಟೈರ್ ಆದ ಗಂಡಸಿಗೆ ಒಂದು ಆಸೆ ಇರುತ್ತದೆ, ಸಂಬಳದ ಸ್ಲಿಪ್ಪಿನಲ್ಲಿ ಕಳೆದ ಬದುಕಿಗೆ ಕೈಯಲ್ಲಿ ಮುಟ್ಟುವ ಹಾಗೆ ಏನಾದರೂ ಮಾಡಬೇಕು ಅಂತ. ಶಿಷ್ಯನ ಮುಂದೆ ಮಾತು ಕೊಟ್ಟಾಗಿದೆ ಬೇರೆ. ಆ ಹುಡುಗ ಮೋಸಗಾರ ಅಂತಲೂ ನಾನು ಹೇಳುವುದಿಲ್ಲ, ಅವನಿಗೂ ಈ ಆರು ಬಾಗಿಲಿನ ಕಥೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ನೀವು ಕೇಳಬೇಕಾದ್ದು ಒಂದೇ: ಒಂದು ತಿಂಗಳು. ಆಷಾಢ ಹುಟ್ಟುವುದರೊಳಗೆ ಮುಂಗಡ ಅನ್ನುವುದನ್ನು ಆಷಾಢ ಕಳೆದ ಮೇಲೆ ಅಂತ ಮಾಡಿಸಿ. ಆಷಾಢದಲ್ಲಿ ಕೊಳ್ಳುವವರು ಕಡಿಮೆ, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಮಾರುವವರು ನಿಜವಾಗಿ ಅವಸರದಲ್ಲಿದ್ದರೆ ಶ್ರಾವಣದ ಹೊತ್ತಿಗೆ ಬೆಲೆಯೂ ಸ್ವಲ್ಪ ಮೆತ್ತಗಾಗಿರುತ್ತದೆ. ಅಷ್ಟರಲ್ಲಿ ಯಾರದೋ ಕೈಗೆ ಹೋದರೆ ಹೋಗಲಿ.

ಆ ತಿಂಗಳಲ್ಲಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹೋಗಿ ಬರೆದು ಕೊಡಲಿ, ವಕೀಲರು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿಸಲಿ. ಬೀಗದ ಮನೆಯ ಅಕ್ಕ ಎಲ್ಲಿದ್ದರೂ ಹಾಗಾದರೂ ಬಾಯಿ ಬಿಡುತ್ತಾರೆ. ಆಮೇಲೂ ಕೊಳ್ಳುವುದೇ ಆದರೆ ಅಗ್ರಿಮೆಂಟಿನಲ್ಲಿ ಭೋಗ್ಯದ 12 ಲಕ್ಷ ಬೆಲೆಯಿಂದ ಕಳೆಯಬೇಕು, ಬೀಗದ ಮನೆ ಖಾಲಿಯಾಗಿ ಕೈಗೆ ಬರಬೇಕು, ಸಾಲ ಸಿಗದಿದ್ದರೆ ಮುಂಗಡ ವಾಪಸ್ ಬರಬೇಕು ಅಂತ ಬರೆಸಿ. ಬಾಡಿಗೆಯವರು ಒಬ್ಬೊಬ್ಬರಿಂದಲೂ ಒಂದು ಹಾಳೆ ಬರೆಸಿಕೊಳ್ಳಿ: ಎಂದಿನಿಂದ ಇದ್ದೇವೆ, ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸು, ಯಾರಿಗೆ ಕೊಟ್ಟೆವು.

ಆದರೆ ಇದೆಲ್ಲಕ್ಕಿಂತ ಮೊದಲು ನೀವು ಹೋಗಬೇಕು. ಬ್ರೋಕರ್ ಇಲ್ಲದೆ, ಆದರೆ ಯಜಮಾನರನ್ನು ಕರೆದುಕೊಂಡು. ಆಷಾಢ ಶುಕ್ರವಾರ ಹೇಗೂ ಚಾಮುಂಡಿ ಬೆಟ್ಟಕ್ಕೆ ಹೋಗುವವರಲ್ಲವೇ? ಹಿಂದಿನ ರಾತ್ರಿ ಮಳೆ ಬಂದಿದ್ದರೆ ಇನ್ನೂ ಒಳ್ಳೆಯದು. ನಸುಕಿನಲ್ಲೇ ದರ್ಶನ ಮಾಡಿ ಇಳಿದು, ನಲ್ಲಿ ಬಿಡುವ ಹೊತ್ತಿಗೆ ವಠಾರಕ್ಕೆ ಬನ್ನಿ. ಆಗ ಎಲ್ಲರೂ ಅಂಗಳದಲ್ಲಿರುತ್ತಾರೆ. ಕ್ಯಾಲೆಂಡರ್ ಎತ್ತಿ ಗೋಡೆ ನೋಡಿ, ಮೂಲೆಯಲ್ಲಿ ಬಕೆಟ್ ಇಟ್ಟಿದ್ದಾರೆಯೇ ನೋಡಿ. ಎಲ್ಲಕ್ಕಿಂತ ಹೆಚ್ಚಾಗಿ ಆ 900 ರೂಪಾಯಿಯ ಅಜ್ಜಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಬೀಗದ ಮನೆ ಯಾರದು, ಹೋದ ಮಳೆಗಾಲದಲ್ಲಿ ಯಾವ ಗೋಡೆ ಬಿತ್ತು, ನಿಮಗಿಂತ ಮುಂಚೆ ಯಾರು ಯಾರು ನೋಡಿ ಹೋದರು, ಯಾಕೆ ತಗೊಳ್ಳಲಿಲ್ಲ, ನಲವತ್ತು ವರ್ಷದ್ದೆಲ್ಲ ಅವರಿಗೆ ಗೊತ್ತಿದೆ. ಮೇಷ್ಟ್ರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳಲಿ. ಬೆಟ್ಟದ ಪ್ರಸಾದ ಅವರಿಗೂ ಒಂದಿಷ್ಟು ತಗೊಂಡು ಹೋಗಿ, ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಅವರು ಏನಂದರು ಅಂತ ನನಗೊಂದು ಕಾಗದ ಬರೆಯಿರಿ.